ಇಂಗ್ಲಿಷ್ ತತ್ವಶಾಸ್ತ್ರ: ದೊಡ್ಡ ಪದ ದಾಟಿದೆ, ಚಿಕ್ಕ ಪದದಲ್ಲಿ ಸಿಕ್ಕಿಬಿದ್ದೆ

ನಿಧಾನ ಓದುಗ

ಇಂಗ್ಲಿಷಿನಲ್ಲಿ ತತ್ವಶಾಸ್ತ್ರ ಓದೋಕೆ ಕೂತಿದ್ದೀನಿ. ಆಂಟಾಲಜಿ, ಎಪಿಸ್ಟೆಮಾಲಜಿ, ಟೆಲಿಯಾಲಜಿ ಥರದ್ದು ಬಂದ್ರೆ ನಿಘಂಟು ನೋಡಿ ಬರೆದಿಟ್ಕೋತೀನಿ. ಆ ಪಟ್ಟಿ ಬೆಳೀತಾ ಇದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇಂಥ ವಾಕ್ಯಗಳದ್ದು: ‘ಈ ಆರ್ಗ್ಯುಮೆಂಟ್ ವ್ಯಾಲಿಡ್, ಸೌಂಡ್ ಕೂಡ ಇರಬಹುದು, ಆದರೂ ಕ್ವೆಶ್ಚನ್ ಬೆಗ್ ಮಾಡುತ್ತದೆ.’ ಇದರಲ್ಲಿ ನಿಘಂಟಿಗೆ ಓಡಬೇಕಾದ ಪದ ಒಂದೂ ಇಲ್ಲ, ಎಲ್ಲಾ ಹೈಸ್ಕೂಲಿನಿಂದ ಗೊತ್ತಿರೋವೇ. ಆದ್ರೆ ವಾಕ್ಯ ಮುಗಿಯೋ ಹೊತ್ತಿಗೆ ಲೇಖಕ ಹೊಗಳಿದನೋ ತೆಗಳಿದನೋ ತಿಳಿಯಲ್ಲ. ನೀವೆಲ್ಲ ಇದನ್ನ ಹೇಗೆ ದಾಟಿದಿರಿ?

ಬೇರುಪ್ರೇಮಿ

ಪದಗಳ ಗ್ರೀಕ್, ಲ್ಯಾಟಿನ್ ಬೇರು ಹಿಡಿದು ಹೋಗಿ. ಇರುವಿಕೆಗೆ ಗ್ರೀಕ್ ಪದ ಗೊತ್ತಿದ್ದರೆ ಆಂಟಾಲಜಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅರಿವಿಗೆ ಗ್ರೀಕ್ ಪದ ಗೊತ್ತಿದ್ದರೆ ಎಪಿಸ್ಟೆಮಾಲಜಿ. ಗುರಿಗೆ ಗೊತ್ತಿದ್ದರೆ ಟೆಲಿಯಾಲಜಿ. ಒಂದು ಇಪ್ಪತ್ತು ಬೇರು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಅಡಿಟಿಪ್ಪಣಿ

ಮುಗಿಯುವುದು ಸುಲಭದ ಅರ್ಧ. ಮೆಟಾಫಿಸಿಕ್ಸ್ ಪದವನ್ನು ಹಾಗೆ ಬಿಚ್ಚಿ ನೋಡಿ: ‘ಭೌತಶಾಸ್ತ್ರದ ನಂತರದ್ದು’ ಎಂದು ಸಿಗುತ್ತದೆ. ಅರಿಸ್ಟಾಟಲನ ಬರಹಗಳನ್ನು ಅವನ ಕಾಲದ ಬಹಳ ನಂತರ ಜೋಡಿಸುವಾಗ ಪ್ರಕೃತಿಯ ಕುರಿತ ಗ್ರಂಥಗಳ ಆಚೆಗೆ ಇಟ್ಟವುಗಳಿಗೆ ಬಂದ ಹೆಸರು ಅದು ಎನ್ನುವುದು ಸಾಮಾನ್ಯವಾಗಿ ಹೇಳುವ ಕಥೆ. ಪುಸ್ತಕ ಯಾವ ಜಾಗದಲ್ಲಿತ್ತು ಎಂದು ತಿಳಿಯಿತು, ಒಳಗೇನಿದೆ ಎಂದು ತಿಳಿಯಲಿಲ್ಲ. ಎಪಿಸ್ಟೆಮಾಲಜಿ ಎಂಬ ಇಂಗ್ಲಿಷ್ ಪದವನ್ನು ಚಲಾವಣೆಗೆ ತಂದವನು ಸ್ಕಾಟ್ಲೆಂಡಿನ ಜೇಮ್ಸ್ ಫೆರಿಯರ್, 1854ರ ತನ್ನ ಗ್ರಂಥದಲ್ಲಿ. ಅವನಿಗಿಂತ ಮುಂಚಿನ ತತ್ವಜ್ಞಾನಿಗಳಾದ ಲಾಕ್, ಹ್ಯೂಮ್ ಆ ಪದದ ಹಂಗಿಲ್ಲದೆಯೇ ಅರಿವಿನ ಬಗ್ಗೆ ಬೇಕಾದ್ದೆಲ್ಲ ಬರೆದು ಹೋಗಿದ್ದರು. ದೊಡ್ಡ ಪದಗಳು ಬಹುತೇಕ ಹೊರಗಿನ ಫಲಕಗಳು. ವಾದ ನಡೆಯುವುದು ಇಫ್, ಓನ್ಲಿ, ಮಸ್ಟ್, ಸಮ್, ಪಾಸಿಬಲ್‌ಗಳ ಮೇಲೆ. ಓದುಗರು ಮೇಲೆ ಕೊಟ್ಟ ವಾಕ್ಯವೇ ಅದಕ್ಕೆ ಸಾಕ್ಷಿ.

ಗಣಿತದವಳು

ಆ ವಾಕ್ಯವನ್ನೇ ಹಿಡಿಯೋಣ. ಮೊದಲ ಎರಡು ಪದ ನಾನು ತೆಗೆದುಕೊಳ್ಳುತ್ತೇನೆ, ಬೆಗ್ ಬೇರೆ ಯಾರಾದರೂ ನೋಡಿ.

ಆರ್ಗ್ಯುಮೆಂಟ್ ಅಂದರೆ ಇಲ್ಲಿ ಜಗಳವೂ ಅಲ್ಲ, ಅಭಿಪ್ರಾಯವೂ ಅಲ್ಲ. ಕೆಲವು ಹೇಳಿಕೆಗಳು, ಅವುಗಳ ಬಲದ ಮೇಲೆ ನಿಲ್ಲಿಸಿದ ಒಂದು ತೀರ್ಮಾನ, ಅಷ್ಟೆ. ಆಧಾರದ ಹೇಳಿಕೆಗಳು ನಿಜವಾಗಿದ್ದು ತೀರ್ಮಾನ ಮಾತ್ರ ಸುಳ್ಳಾಗುವುದು ಸಾಧ್ಯವೇ ಇಲ್ಲದಿದ್ದರೆ ಅದು ವ್ಯಾಲಿಡ್. ಹೇಳಿಕೆಗಳು ನಿಜವೋ ಅಲ್ಲವೋ ಎಂದು ವ್ಯಾಲಿಡಿಟಿ ಕೇಳುವುದೇ ಇಲ್ಲ. ‘ಎಲ್ಲ ಸಸ್ತನಿಗಳೂ ನೆಲದ ಮೇಲೆ ಬದುಕುತ್ತವೆ. ತಿಮಿಂಗಿಲ ಸಸ್ತನಿ. ಆದ್ದರಿಂದ ತಿಮಿಂಗಿಲ ನೆಲದ ಮೇಲೆ ಬದುಕುತ್ತದೆ.’ ಇದು ಪಕ್ಕಾ ವ್ಯಾಲಿಡ್. ಮೊದಲ ಹೇಳಿಕೆ ಸುಳ್ಳು, ಹಾಗಾಗಿ ಸೌಂಡ್ ಅಲ್ಲ. ವ್ಯಾಲಿಡ್ ಆಗಿದ್ದು, ಆಧಾರಗಳೆಲ್ಲ ನಿಜವೂ ಆಗಿದ್ದರೆ ಸೌಂಡ್.

ಜನ ಹೆಚ್ಚು ಜಾರುವುದು ಇದರ ತಿರುಗುಮುರುಗಿನಲ್ಲಿ. ‘ಕೆಲವು ಹಕ್ಕಿಗಳು ಹಾರುತ್ತವೆ. ಗುಬ್ಬಿ ಹಕ್ಕಿ. ಆದ್ದರಿಂದ ಗುಬ್ಬಿ ಹಾರುತ್ತದೆ.’ ಮೂರೂ ನಿಜ, ಆದರೂ ಇನ್‌ವ್ಯಾಲಿಡ್. ಗುಬ್ಬಿ ಇದ್ದ ಕಡೆ ಉಷ್ಟ್ರಪಕ್ಷಿಯನ್ನು ಇಟ್ಟು ನೋಡಿ, ಆಧಾರಗಳು ನಿಜವಾಗಿಯೇ ಉಳಿಯುತ್ತವೆ, ತೀರ್ಮಾನ ಬಿದ್ದುಹೋಗುತ್ತದೆ. ತೀರ್ಮಾನ ನಮಗೆ ಒಪ್ಪಿಗೆಯಾಗಿದೆ ಎಂದ ತಕ್ಷಣ ದಾರಿಯೂ ಸರಿಯಿತ್ತು ಅಂದುಕೊಳ್ಳುವ ಚಾಳಿ ಇದೆಯಲ್ಲ, ಈ ಪದದ ಕೆಲಸ ಅದಕ್ಕೆ ಕಡಿವಾಣ ಹಾಕುವುದು.

ಹಾಗಾಗಿ ಹೇಳಿಕೆಗೆ ಟ್ರೂ ಅಥವಾ ಫಾಲ್ಸ್, ಆರ್ಗ್ಯುಮೆಂಟಿಗೆ ವ್ಯಾಲಿಡ್ ಅಥವಾ ಇನ್‌ವ್ಯಾಲಿಡ್. ಅದಲುಬದಲು ಮಾಡಬಾರದು. ಮಾತುಕತೆಯ ಇಂಗ್ಲಿಷಿನಲ್ಲಿ ‘ವ್ಯಾಲಿಡ್ ಪಾಯಿಂಟ್’ ಅಂತ ತಲೆಯಾಡಿಸುತ್ತಾರಲ್ಲ, ಆ ವ್ಯಾಲಿಡ್‌ಗೂ ಇದಕ್ಕೂ ನೆಂಟಸ್ತನ ದೂರದ್ದು. ಇಂಪ್ಲೈ, ಇನ್ಫರ್ ಜೋಡಿಯೂ ಹೀಗೇ: ಹೇಳಿಕೆಗಳು ಇಂಪ್ಲೈ ಮಾಡುತ್ತವೆ, ಇನ್ಫರ್ ಮಾಡುವುದು ಮನುಷ್ಯರು. ಎಂಟೇಲ್ ಇವೆರಡಕ್ಕಿಂತ ಬಿಗಿ. ಇದು ನಿಜವಾಗಿದ್ದು ಅದು ಸುಳ್ಳಾಗಲು ಜಾಗವೇ ಇಲ್ಲ ಎನ್ನುವಾಗ ಮಾತ್ರ ಅದು ಬರುತ್ತದೆ. ಆ ಬಿಗಿ ಅರ್ಥವನ್ನು ಇಂಗ್ಲಿಷ್ ತತ್ವಶಾಸ್ತ್ರದಲ್ಲಿ ರೂಢಿಗೆ ತಂದವನು ಜಿ. ಇ. ಮೂರ್.

ಸುಮ್ನೆ ಕೇಳ್ದೆ

ಇಷ್ಟೊಂದು ಒದ್ದಾಟ ಯಾಕೆ? ನಮ್ಮ ನ್ಯಾಯಶಾಸ್ತ್ರದಲ್ಲಿ ಪಕ್ಷ (ಯಾವುದರ ಬಗ್ಗೆ ಮಾತೋ ಅದು), ಹೇತು (ಕಾರಣವಾಗಿ ಕೊಟ್ಟದ್ದು), ವ್ಯಾಪ್ತಿ (ಹೇತು ಇದ್ದಲ್ಲೆಲ್ಲ ಸಾಧಿಸಬೇಕಾದದ್ದೂ ಇರೋ ನಂಟು), ಹೇತ್ವಾಭಾಸ (ಸರಿಯಿಲ್ಲದ ಹೇತು) ಎಲ್ಲ ಇದೆ. ವ್ಯಾಲಿಡ್ ಅಂದ್ರೆ ಸದ್ಧೇತು, ಅಂದ್ರೆ ಸರಿಯಾದ ಹೇತು, ಇನ್‌ವ್ಯಾಲಿಡ್ ಅಂದ್ರೆ ಹೇತ್ವಾಭಾಸ ಅಂತ ಬರ್ಕೊಂಡ್ರೆ ಆಯ್ತಪ್ಪ.

ಅಡಿಟಿಪ್ಪಣಿ

ಆಗುವುದಿಲ್ಲ, ಮತ್ತು ಯಾಕೆ ಆಗುವುದಿಲ್ಲ ಎನ್ನುವುದು ಸ್ವಾರಸ್ಯದ ಸಂಗತಿ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿರುವುದರಿಂದ. ಇದು ಎಲ್ಲರಿಗೂ ಗೊತ್ತಿರುವ ಅನುಮಾನ (ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು). ಈಗ ಕಂಡದ್ದು ಹೊಗೆಯೇ ಅಲ್ಲ, ಮಂಜು ಅನ್ನಿ. ನೈಯಾಯಿಕ ಇದನ್ನು ಅಸಿದ್ಧ, ಅಂದರೆ ಹೇತುವೇ ಅಲ್ಲಿಲ್ಲ, ಎನ್ನುತ್ತಾನೆ, ಹೇತ್ವಾಭಾಸಗಳಲ್ಲೇ ಸೇರಿಸುತ್ತಾನೆ. ಇಂಗ್ಲಿಷ್ ಲಾಜಿಕ್ ಪುಸ್ತಕ ಅದೇ ಅನುಮಾನವನ್ನು ನೋಡಿ ‘ವ್ಯಾಲಿಡ್, ಆದರೆ ಸೌಂಡ್ ಅಲ್ಲ’ ಎನ್ನುತ್ತದೆ. ರೂಪದ ದೋಷ, ಸಂಗತಿಯ ದೋಷ ಎಂದು ಎರಡು ಕಡತ ಮಾಡುವುದು ಆ ಪರಂಪರೆಯ ರೀತಿ. ನ್ಯಾಯಕ್ಕೆ ಬೇಕಿದ್ದದ್ದು ಯಥಾರ್ಥ ಜ್ಞಾನ, ಮಂಜನ್ನು ನೋಡಿ ಹೊಗೆ ಎಂದವನಿಗೆ ಅದು ದಕ್ಕಲಿಲ್ಲ, ಅಲ್ಲಿಗೆ ಮುಗಿಯಿತು. ಎರಡರಲ್ಲಿ ಯಾವುದೂ ಕಡಿಮೆಯಲ್ಲ. ಆದರೆ ಒಂದರ ಪದವನ್ನು ಇನ್ನೊಂದರ ಮೇಲೆ ಅಂಟಿಸಿದರೆ ಎರಡೂ ಕೆಡುತ್ತವೆ.

ಸುಮ್ನೆ ಕೇಳ್ದೆ

ಸರಿ, ಮಂಜಿನ ಉದಾಹರಣೆ ಒಪ್ಪಿದೆ. ಆದ್ರೂ ‘ಸೌಂಡ್’ ಅಂದ್ರೆ ನಂಗೆ ಸದ್ದೇ ಕೇಳೋದು.

ಎರಡನೇ ಓದು

ಬೆಗ್ ನನಗೆ ಬಿಡಿ. ಪತ್ರಿಕೆಗಳಲ್ಲಿ ‘ದಿಸ್ ಬೆಗ್ಸ್ ದ ಕ್ವೆಶ್ಚನ್’ ಅಂದರೆ ‘ಇದು ಈ ಪ್ರಶ್ನೆಯನ್ನು ಎಬ್ಬಿಸುತ್ತದೆ’ ಎಂದರ್ಥ. ತತ್ವಶಾಸ್ತ್ರದ ಪುಟದಲ್ಲಿ ಹಾಗೆ ಓದಿದರೆ ಕೆಟ್ಟಿರಿ. ಅಲ್ಲಿ ಅದು ಆರೋಪ: ಸಾಧಿಸಬೇಕಾದದ್ದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೀಯ ಎಂದು. ಮೂಲ ಅರಿಸ್ಟಾಟಲನ ಕಾಲದ ವಾದದ ಆಟ. ಒಬ್ಬ ಪ್ರಶ್ನೆ ಹಾಕುತ್ತಾ ಎದುರಾಳಿಯಿಂದ ಒಂದೊಂದೇ ಹೇಳಿಕೆಗೆ ಒಪ್ಪಿಗೆ ಪಡೆಯಬೇಕು. ವಿವಾದದಲ್ಲಿರುವ ಹೇಳಿಕೆಯನ್ನೇ ‘ಒಪ್ಪಿಬಿಡು’ ಎಂದು ಬೇಡಿದರೆ ಅದು ಮೋಸ. ಆ ಬೇಡುವಿಕೆ ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದು ಬೆಗ್ ಆಯಿತು.

‘ಮನಸ್ಸು ದೇಹಕ್ಕಿಂತ ಬೇರೆ, ಏಕೆಂದರೆ ದೇಹ ಅಳಿದ ಮೇಲೂ ಮನಸ್ಸು ಉಳಿಯುತ್ತದೆ.’ ದೇಹ ಬೇರೆ ಮನಸ್ಸು ಬೇರೆ ಎಂದು ಮೊದಲೇ ಒಪ್ಪದವನು ಎರಡನೆಯದನ್ನು ಯಾಕೆ ಒಪ್ಪುತ್ತಾನೆ?

ಈಗ ಗಣಿತದವಳು ಹೇಳಿದ್ದಕ್ಕೆ ಇದನ್ನು ಸೇರಿಸಿ. ‘ಕ ನಿಜ, ಆದ್ದರಿಂದ ಕ ನಿಜ’ ಎನ್ನುವುದು ವ್ಯಾಲಿಡ್. ಕ ನಿಜವಾಗಿದ್ದು ಕ ಸುಳ್ಳಾಗುವುದು ಸಾಧ್ಯವಿಲ್ಲವಲ್ಲ. ಕ ವಾಸ್ತವದಲ್ಲೂ ನಿಜವಾಗಿದ್ದರೆ ಸೌಂಡ್ ಕೂಡ. ಆದರೂ ಎದುರಿಗೆ ಕೂತವನಿಗೆ ಅದರಿಂದ ಹೊಸದಾಗಿ ಏನೂ ಸಿಗಲಿಲ್ಲ. ಬೆಗ್ ಎನ್ನುವುದು ರೂಪದ ದೋಷವೂ ಅಲ್ಲ, ಸುಳ್ಳಿನ ದೋಷವೂ ಅಲ್ಲ, ಮನವೊಲಿಕೆಯ ದೋಷ. ಹೀಗಾಗಿ ‘ವ್ಯಾಲಿಡ್, ಸೌಂಡ್ ಕೂಡ ಇರಬಹುದು, ಆದರೂ ಬೆಗ್ ಮಾಡುತ್ತದೆ’ ಎಂಬ ನಿಮ್ಮ ವಾಕ್ಯದಲ್ಲಿ ವಿರೋಧಾಭಾಸ ಇಲ್ಲ. ತೆಗಳಿಕೆಯೇ ಅದು. ಬಹಳ ನಯವಾದ ತೆಗಳಿಕೆ.

ನಿಧಾನ ಓದುಗ

ಇದು ನಿಘಂಟಿನಲ್ಲಿ ಎಲ್ಲಿ ಸಿಗ್ತಿತ್ತು! ಇನ್ನೊಂದು ಕಾಟ ‘ಓನ್ಲಿ ಇಫ್’. ‘ಇಫ್’ ಕಂಡ ಕೂಡಲೇ ಅದರ ಮುಂದಿರೋದೇ ಕಾರಣ, ಉಳಿದದ್ದು ಪರಿಣಾಮ ಅಂತ ಓದ್ತೀನಿ. ಮುಂದಿನ ಪ್ಯಾರಾದಲ್ಲಿ ಎಲ್ಲಾ ತಲೆಕೆಳಗಾಗಿರುತ್ತೆ.

ಗಣಿತದವಳು

ಇದಕ್ಕೆ ಕನ್ನಡದ ಕಿವಿ ಸಾಕು. ‘ಸಂಖ್ಯೆಯೊಂದು ಸಮಸಂಖ್ಯೆಯಾದರೆ ಮಾತ್ರ ಅದು 4ರಿಂದ ಭಾಗವಾಗುತ್ತದೆ.’ ನಿಜ ತಾನೆ? ಹಾಗಂತ ಸಮವಾದದ್ದೆಲ್ಲ 4ರಿಂದ ಭಾಗವಾಗುತ್ತದೆಯೇ? 6 ಆಗುವುದಿಲ್ಲ. ‘ಮಾತ್ರ’ ಯಾವುದಕ್ಕೆ ಅಂಟಿದೆಯೋ ಅದು ನೆಸೆಸರಿ ಕಂಡಿಷನ್, ಅದಿಲ್ಲದೆ ಕೆಲಸ ಆಗದು, ಅದೊಂದೇ ಸಾಲದೆಯೂ ಇರಬಹುದು. ಬರೀ ‘ಆದರೆ’ ಇದ್ದರೆ ಸಫಿಶಿಯಂಟ್, ಅದು ಆದರೆ ಸಾಕು. ‘ಸಂಖ್ಯೆ 8ರಿಂದ ಭಾಗವಾದರೆ 4ರಿಂದಲೂ ಭಾಗವಾಗುತ್ತದೆ’: ಸಾಕು, ಆದರೆ ಬೇಕೇ ಬೇಕು ಅಂತಿಲ್ಲ, 12 ಇದೆಯಲ್ಲ. ಇಂಗ್ಲಿಷಿನಲ್ಲಿ ತೊಂದರೆ ಎಂದರೆ ‘ಓನ್ಲಿ’ ಮುಂಚೆ ಬಂದು ‘ಇಫ್’ ಹಿಂದೆ ನಿಲ್ಲುತ್ತದೆ, ಕಣ್ಣು ‘ಇಫ್’ ಮೇಲೆ ಬೀಳುತ್ತದೆ. ವಾಕ್ಯವನ್ನು ಮನಸ್ಸಿನಲ್ಲಿ ‘ಆದರೆ ಮಾತ್ರ’ ಎಂದು ತಿರುಗಿಸಿಕೊಂಡು ಓದಿ. ಎರಡೂ ದಿಕ್ಕಿನಲ್ಲಿ ನಿಂತರೆ ‘ಇಫ್ ಅಂಡ್ ಓನ್ಲಿ ಇಫ್’, ಅದನ್ನು ಎರಡು ಎಫ್ ಹಾಕಿ ಮೊಟಕು ಮಾಡುತ್ತಾರೆ. ಅಚ್ಚಿನ ತಪ್ಪಲ್ಲ ಅದು.

ಬೇರುಪ್ರೇಮಿ

ಇದು ನಮಗೆ ಇಂಗ್ಲಿಷ್ ಪರಭಾಷೆಯಾದ್ದರಿಂದ ಬಂದ ಕಷ್ಟ ಅಂತ ನನಗನಿಸಲ್ಲ. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಪ್ರಕಟಿಸಿದ ಕಾರ್ಡಿನ ಸಮಸ್ಯೆ ನೋಡಿ. ನಮ್ಮ ಅಕ್ಷರದಲ್ಲಿ ಹೇಳ್ತೀನಿ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಪ್ರತಿಯೊಂದರ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಯಮ: ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ. ನಿಯಮ ಸರಿಯೇ ಎಂದು ಪರೀಕ್ಷಿಸಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಬಹಳ ಜನ ಅ ಮತ್ತು 4 ಅಂತಾರೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಮಾತಾಡೋರೂ ಅಷ್ಟೇ.

ಸುಮ್ನೆ ಕೇಳ್ದೆ

ಅ ಮತ್ತು 4 ಅಲ್ವಾ?

ಬೇರುಪ್ರೇಮಿ

ಅ ಮತ್ತು 7. 4ರ ಹಿಂದೆ ವ್ಯಂಜನ ಇದ್ದರೂ ನಿಯಮ ಮುರಿಯಲ್ಲ. 7ರ ಹಿಂದೆ ಸ್ವರ ಇದ್ದರೆ ಮುರೀತು.

ಸುಮ್ನೆ ಕೇಳ್ದೆ

ಥತ್.

ಎರಡನೇ ಓದು

ನೆಸೆಸರಿ ಬಂತಲ್ಲ, ಅದರ ಇನ್ನೊಂದು ಮುಖವನ್ನೂ ಹೇಳಿಬಿಡಿ ಅಡಿಟಿಪ್ಪಣಿ. ಎ ಪ್ರಯೋರಿ, ಅನಲಿಟಿಕ್, ನೆಸೆಸರಿ ಮೂರನ್ನೂ ಒಂದೇ ಗಂಟು ಕಟ್ಟಿ ಓದುವವರು ಬಹಳ.

ಅಡಿಟಿಪ್ಪಣಿ

ಮೂರು ಜೋಡಿ, ಮೂರು ಬೇರೆ ಪ್ರಶ್ನೆ. ಎ ಪ್ರಯೋರಿ ಮತ್ತು ಎ ಪೋಸ್ಟಿರಿಯೋರಿ ಕೇಳುವುದು ‘ನಿನಗೆ ಹೇಗೆ ಗೊತ್ತಾಯಿತು?’ ಎಂದು. ಅನುಭವವನ್ನು ಸಾಕ್ಷಿಗೆ ಕರೆಯದೆ ಗೊತ್ತಾದರೆ ಮೊದಲನೆಯದು, ಕರೆಯಲೇಬೇಕಾದರೆ ಎರಡನೆಯದು. ಅನಲಿಟಿಕ್ ಮತ್ತು ಸಿಂಥೆಟಿಕ್ ಕೇಳುವುದು ‘ಯಾವುದರ ಬಲದಿಂದ ನಿಜ?’ ಎಂದು. ಪದಗಳ ಅರ್ಥದಿಂದಲೇ ನಿಜವಾಗುವುದು ಅನಲಿಟಿಕ್, ಜಗತ್ತೂ ಕೈಜೋಡಿಸಬೇಕಾದದ್ದು ಸಿಂಥೆಟಿಕ್. ನೆಸೆಸರಿ ಮತ್ತು ಕಂಟಿಂಜೆಂಟ್ ಕೇಳುವುದು ‘ಬೇರೆ ಥರ ಇರಬಹುದಿತ್ತೇ?’ ಎಂದು.

ಕಂಟಿಂಜೆಂಟ್‌ಗೆ ನಿಘಂಟುಗಳು ‘ಅನಿಶ್ಚಿತ’, ‘ಆಕಸ್ಮಿಕ’ ಎಂದು ಕೊಡುತ್ತವೆ, ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಭೂಮಿಗೆ ಒಬ್ಬನೇ ಚಂದ್ರ ಎನ್ನುವುದರಲ್ಲಿ ಅನಿಶ್ಚಿತತೆ ಏನೂ ಇಲ್ಲ. ಆದರೂ ಕಂಟಿಂಜೆಂಟ್. ಮಂಗಳಕ್ಕೆ ಎರಡಿರುವ ಹಾಗೆ ಇಲ್ಲಿಯೂ ಎರಡು ಇರಬಹುದಿತ್ತು.

ಜರ್ಮನ್ ತತ್ವಜ್ಞಾನಿ ಕಾಂಟ್ 1781ರಲ್ಲಿ ಮೊದಲ ಎರಡು ಜೋಡಿಗಳನ್ನು ಅಡ್ಡಡ್ಡ ಇಟ್ಟು, 7ಕ್ಕೆ 5 ಕೂಡಿದರೆ 12 ಎನ್ನುವುದು ಸಿಂಥೆಟಿಕ್, ಆದರೂ ಎ ಪ್ರಯೋರಿ ಎಂದ. ‘12’ ಎಂಬ ಕಲ್ಪನೆ ‘7 ಮತ್ತು 5ರ ಮೊತ್ತ’ ಎಂಬ ಕಲ್ಪನೆಯೊಳಗೆ ಮೊದಲೇ ಅಡಗಿಲ್ಲ ಎಂಬುದು ಅವನ ವಾದ. ಆದರೆ ಎ ಪ್ರಯೋರಿ ಮತ್ತು ನೆಸೆಸರಿ ಒಂದನ್ನೊಂದು ಬಿಟ್ಟಿರಲಾರವು ಎಂದೇ ಅವನೂ ನಂಬಿದ್ದ. ಅದನ್ನು ಬಿಡಿಸಿದವನು ಅಮೆರಿಕದ ತತ್ವಜ್ಞಾನಿ ಸಾಲ್ ಕ್ರಿಪ್ಕಿ, 1970ರ ಪ್ರಿನ್ಸ್‌ಟನ್ ಉಪನ್ಯಾಸಗಳಲ್ಲಿ. ಮುಂಜಾನೆ ಕಾಣುವ ಬೆಳ್ಳಿಯೂ ಸಂಜೆ ಕಾಣುವ ಬೆಳ್ಳಿಯೂ ಒಂದೇ ಶುಕ್ರಗ್ರಹ. ಇದು ಗೊತ್ತಾಗಲು ಆಕಾಶ ನೋಡಬೇಕಿತ್ತು, ಕುಳಿತು ಯೋಚಿಸಿದರೆ ಸಿಗುವಂಥದ್ದಲ್ಲ. ಆದರೆ ಶುಕ್ರ ಶುಕ್ರನೇ ಆಗದೆ ಇರುವ ಸಂದರ್ಭ ಯಾವುದಿದೆ? ಹಾಗಾಗಿ ನೆಸೆಸರಿ, ಆದರೂ ಎ ಪೋಸ್ಟಿರಿಯೋರಿ. ನಡುವೆ 1951ರಲ್ಲಿ ಇನ್ನೊಬ್ಬ ಅಮೆರಿಕದ ತತ್ವಜ್ಞಾನಿ ಕ್ವೈನ್ ಬಂದು ಅನಲಿಟಿಕ್ ಎಂಬ ಗೆರೆಯನ್ನು ಎಳೆಯಲು ಬರುತ್ತದೆಯೇ ಎಂದೇ ಪ್ರಶ್ನಿಸಿ ಹೋಗಿದ್ದ.

ಆದ್ದರಿಂದ ಇಂಥ ಪದ ಎದುರಾದಾಗ ಪುಸ್ತಕದ ಇಸವಿ ನೋಡಿ. 1970ಕ್ಕೆ ಹಿಂದಿನವರು ನೆಸೆಸರಿ ಎಂದಲ್ಲಿ ಎ ಪ್ರಯೋರಿ ಎಂದು ಓದಿದರೂ ಬಹಳ ಸಲ ನಡೆದುಹೋಗುತ್ತದೆ. ಆಮೇಲಿನವರಲ್ಲಿ ನಡೆಯುವುದಿಲ್ಲ.

ಗಣಿತದವಳು

ನಿಧಾನ ಓದುಗರಿಗೆ ಇಲ್ಲೇ ನನ್ನ ಒಂದು ಸಲಹೆ. ಆ ನೋಟುಬುಕ್ಕಿನಲ್ಲಿ ಪದದ ಎದುರು ಅರ್ಥ ಬರೆಯುವುದನ್ನು ನಿಲ್ಲಿಸಿ, ಅದರ ಎದುರಾಳಿಯನ್ನು ಬರೆಯಿರಿ. ನೆಸೆಸರಿ ಎದುರು ಒಮ್ಮೆ ಸಫಿಶಿಯಂಟ್, ಒಮ್ಮೆ ಕಂಟಿಂಜೆಂಟ್. ಎದುರಾಳಿ ಬದಲಾದರೆ ಅದು ಬೇರೆಯೇ ಪದ. ಫಾರ್ಮಲ್ ಎದುರು ಇನ್‌ಫಾರ್ಮಲ್ಲೋ ಮೆಟೀರಿಯಲ್ಲೋ? ಐಡಿಯಲಿಸಂ ಎದುರು ರಿಯಲಿಸಂ ಇದ್ದರೆ ತತ್ವಜ್ಞಾನಿ ಬರ್ಕ್ಲಿಯ ಸಂಗತಿ, ಜಗತ್ತು ಮನಸ್ಸನ್ನು ಅವಲಂಬಿಸಿದೆಯೇ ಎಂಬ ಚರ್ಚೆ. ಅದನ್ನು ಆದರ್ಶವಾದ ಎಂದು ಓದಿದರೆ ಪುಸ್ತಕ ಪೂರ್ತಿ ಬೇರೆ ಊರಿಗೆ ಹೋಗುತ್ತದೆ. ಮೆಟೀರಿಯಲಿಸ್ಟ್ ಅಂದರೆ ದುಡ್ಡಿನಾಸೆಯವನಲ್ಲ, ಇರುವುದೆಲ್ಲ ಭೌತದ್ರವ್ಯ ಎನ್ನುವವನು. ದುಡ್ಡು ಕಂಡರಾಗದ ಮೆಟೀರಿಯಲಿಸ್ಟ್ ಇರಬಹುದು.

ಎರಡನೇ ಓದು

ಸಲಹೆ ಚೆನ್ನಾಗಿದೆ, ಆದರೆ ಎದುರಾಳಿಯೇ ಇಲ್ಲದ ಪುಟಾಣಿ ಪದಗಳೂ ಇವೆ, ಅವು ಜೋಡಿ ಪಟ್ಟಿಗೆ ಸಿಗುವುದಿಲ್ಲ. ಓರೆ ಅಕ್ಷರದಲ್ಲಿ ಬರುವ ‘ಪೇಸ್’ ನೋಡಿ. ‘ಪೇಸ್ ಹ್ಯೂಮ್’ ಅಂದರೆ ಹ್ಯೂಮನ ವೇಗ ಅಲ್ಲ! ಅದು ಲ್ಯಾಟಿನ್, ‘ಹ್ಯೂಮನ ಕ್ಷಮೆ ಕೋರುತ್ತಾ’ ಎಂದಿಟ್ಟುಕೊಳ್ಳಿ. ಲೇಖಕ ಹ್ಯೂಮನನ್ನು ಒಪ್ಪುತ್ತಿಲ್ಲ ಎಂದರ್ಥ. ‘ಹ್ಯೂಮ್ ಹೇಳುವಂತೆ’ ಎಂದು ಓದಿಕೊಂಡರೆ ಪಕ್ಷಾಂತರವೇ ಆಗಿಹೋಗುತ್ತದೆ. ಹಾಗೇ ‘ಕ್ವಾ’: ವೈದ್ಯನಾಗಿ ಅವನು ಹೀಗೆ ಮಾಡಬೇಕು, ತಂದೆಯಾಗಿ ಹಾಗೆ ಮಾಡಬೇಕು ಎನ್ನುವಲ್ಲಿನ ‘ಆಗಿ’ ಅದು. ‘ಬೈಟ್ ದ ಬುಲೆಟ್’ ಅಂದರೆ ತನ್ನ ಸಿದ್ಧಾಂತದಿಂದ ವಿಚಿತ್ರ ಫಲ ಬರುತ್ತದೆ ಎಂದು ತೋರಿಸಿದಾಗ, ‘ಬರಲಿ, ಅದನ್ನೂ ಒಪ್ಪುತ್ತೇನೆ’ ಎಂದು ಹಲ್ಲುಕಚ್ಚಿ ನಿಲ್ಲುವುದು.

ಟ್ರಿವಿಯಲ್ ಇನ್ನೊಂದು. ಕ್ಷುಲ್ಲಕ ಎಂಬ ಬೈಗುಳ ಅಲ್ಲ, ಸಾಧಿಸಲು ಶ್ರಮವೇ ಬೇಡದ್ದು ಎಂದು. ವ್ಯಾಕ್ಯುವಸ್ ಅದರ ತಮ್ಮ: ಕೋಣೆಯಲ್ಲಿ ಆನೆಯೇ ಇಲ್ಲದಿದ್ದರೆ ‘ಈ ಕೋಣೆಯ ಎಲ್ಲ ಆನೆಗಳೂ ಕವಿತೆ ಬರೆಯುತ್ತವೆ’ ಎನ್ನುವುದು ನಿಜ. ಸುಳ್ಳೆಂದು ತೋರಿಸಲು ಕವಿತೆ ಬರೆಯದ ಒಂದಾನೆ ತರಬೇಕು, ಎಲ್ಲಿಂದ ತರುತ್ತೀರಿ?

ಸುಮ್ನೆ ಕೇಳ್ದೆ

ಅದೇ ಲೆಕ್ಕದಲ್ಲಿ ಎಲ್ಲ ಆನೆಗಳೂ ಕವಿತೆ ಬರೆಯಲ್ಲ ಅನ್ನೋದೂ ನಿಜ ಆಗ್ಬೇಕಲ್ಲ?

ಗಣಿತದವಳು

‘ಒಂದಾನೆಯೂ ಬರೆಯುವುದಿಲ್ಲ’ ಎಂಬ ಅರ್ಥದಲ್ಲಾದರೆ ಹೌದು, ಎರಡೂ ನಿಜ. ಎರಡರ ನಡುವೆ ವೈರುಧ್ಯವೂ ಇಲ್ಲ. ‘ಬರೆಯದ ಆನೆ ಒಂದಾದರೂ ಇದೆ’ ಎಂಬ ಅರ್ಥದಲ್ಲಾದರೆ ಸುಳ್ಳು. ನಿಮ್ಮ ವಾಕ್ಯ ಎರಡಕ್ಕೂ ಒಗ್ಗುತ್ತದೆ ನೋಡಿ. ‘ಆಲ್’ ಮತ್ತು ‘ನಾಟ್’ ಒಟ್ಟಿಗೆ ಬಂದಾಗ ಇಂಗ್ಲಿಷಿನಲ್ಲೂ ಇದೇ ಪಾಡು. ‘ಇಟ್ ಈಸ್ ನಾಟ್ ದ ಕೇಸ್ ದಟ್’ ಅಂತ ಉದ್ದುದ್ದ ಬರೆಯುವುದು ಶೋಕಿಗಲ್ಲ. ‘ನಾಟ್’ ವಾಕ್ಯದ ಪೂರ್ತಿ ಮೇಲೆ ಕೂತಿದೆ, ಒಂದು ತುಂಡಿನ ಮೇಲಲ್ಲ ಎಂದು ತೋರಿಸಲು.

ನಿಧಾನ ಓದುಗ

ಕೊನೇದಾಗಿ ಒಂದು. ಈಗ ಓದ್ತಿರೋ ಪ್ರಬಂಧದಲ್ಲಿ ‘ನಮ್ಮ ಇಂಟ್ಯೂಷನ್ ಹೀಗೆ ಹೇಳುತ್ತದೆ’ ಅಂತ ಪುಟಕ್ಕೊಂದು ಸಲ ಬರುತ್ತೆ. ಅಂತಃಸ್ಫುರಣೆ, ಒಳಗಣ್ಣು ಅಂತ ಏನೇನೋ ಬರ್ಕೊಂಡಿದೀನಿ. ಇಷ್ಟು ಲೆಕ್ಕಾಚಾರದ ಜನ ಒಳಗಣ್ಣನ್ನ ಸಾಕ್ಷಿಗೆ ಕರೀತಾರಾ?

ಎರಡನೇ ಓದು

ಅಷ್ಟು ನಿಗೂಢವಾದದ್ದಲ್ಲ. ಒಂದು ಸನ್ನಿವೇಶ ಮುಂದಿಟ್ಟಾಗ, ಸಿದ್ಧಾಂತ ಹೂಡುವ ಮೊದಲು ‘ಇದು ಹೀಗೆ’ ಎಂದು ಅನ್ನಿಸುವುದಿದೆಯಲ್ಲ, ಅದು. ಗಡಿಯಾರ ಕೆಟ್ಟು ನಿಂತಿದೆ, ಒಬ್ಬನಿಗೆ ಅದು ತಿಳಿಯದು. ಮುಳ್ಳು ನಿಂತ ಹೊತ್ತಿಗೇ ಸರಿಯಾಗಿ ಅವನು ನೋಡುತ್ತಾನೆ, ಗಂಟೆ ಸರಿಯಾಗಿಯೇ ಹೇಳುತ್ತಾನೆ. ಅವನ ನಂಬಿಕೆ ನಿಜ, ಗಡಿಯಾರ ನೋಡಿದ್ದರಿಂದ ಅದಕ್ಕೆ ಆಧಾರವೂ ಇದೆ. ಆದರೂ ಅವನಿಗೆ ಗಂಟೆ *ಗೊತ್ತಿತ್ತು* ಎನ್ನಲು ಬಾಯಿ ಬರುವುದಿಲ್ಲ. ಆ ಹಿಂಜರಿಕೆಯೇ ಇಂಟ್ಯೂಷನ್. ಉದಾಹರಣೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನದು. ಆಧಾರವಿರುವ ನಿಜ ನಂಬಿಕೆಯೇ ಜ್ಞಾನ ಎಂಬ ವ್ಯಾಖ್ಯೆಯ ಮೇಲೆ ಇಂಥದೇ ಸನ್ನಿವೇಶಗಳನ್ನು ಎಸೆದವನು ಎಡ್ಮಂಡ್ ಗೆಟಿಯರ್, 1963ರಲ್ಲಿ, ಮೂರು ಪುಟದ ಲೇಖನದಲ್ಲಿ. ಆಮೇಲೆ ಆ ಮೂರು ಪುಟಕ್ಕೆ ಉತ್ತರ ಬರೆದವರ ಪುಟ ಎಣಿಸಿದವರಿಲ್ಲ.

ಇಂಥ ಅನಿಸಿಕೆಯನ್ನು ಎಷ್ಟು ನಂಬಬಹುದು ಎನ್ನುವುದೇ ದೊಡ್ಡ ಜಗಳ. ನನಗಂತೂ ‘ನಮ್ಮ’ ಎಂಬ ಪದದ ಮೇಲೆ ಗುಮಾನಿ. ಯಾರ ಇಂಟ್ಯೂಷನ್ ಅದು? ಓದುವವನಿಗೆ ಹಾಗೆ ಅನ್ನಿಸದಿದ್ದರೆ?

ಅಡಿಟಿಪ್ಪಣಿ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಕಾಂಟನ ಇಂಗ್ಲಿಷ್ ಅನುವಾದಗಳಲ್ಲೂ ಇಂಟ್ಯೂಷನ್ ಹೆಜ್ಜೆಹೆಜ್ಜೆಗೂ ಬರುತ್ತದೆ. ಅದು ಜರ್ಮನ್‌ನ ಆನ್‌ಶಾವುಂಗ್ ಪದಕ್ಕೆ ಇಟ್ಟದ್ದು: ವಸ್ತು ನಮಗೆ ನೇರವಾಗಿ, ಬಿಡಿಯಾಗಿ ಎದುರಾಗುವ ಬಗೆ. ದೇಶ, ಕಾಲಗಳನ್ನು ಅವನು ಅದರ ರೂಪಗಳು ಎನ್ನುತ್ತಾನೆ. ಅಲ್ಲಿ ಎದುರಾಳಿ ಕಾನ್ಸೆಪ್ಟ್. ಎರಡನೇ ಓದು ವಿವರಿಸಿದ ಅರ್ಥದಲ್ಲಿ ಎದುರಾಳಿ ಥಿಯರಿ. ಓದುಗರೇ, ನಿಮ್ಮ ಕೈಯಲ್ಲಿರುವುದು ಯಾವುದು?

ನಿಧಾನ ಓದುಗ

ಕಾಂಟ್ ಅಲ್ಲ. ಹಳಿ ಮೇಲೆ ಐದು ಜನ, ಇನ್ನೊಂದು ಹಳಿ ಮೇಲೆ ಒಬ್ಬ, ಬ್ರೇಕ್ ಹೋದ ಟ್ರಾಲಿ. ಐವರನ್ನ ಉಳಿಸೋಕೆ ಅದನ್ನ ಒಬ್ಬನ ಕಡೆ ತಿರುಗಿಸಬಹುದಾ ಅನ್ನೋ ಪ್ರಶ್ನೆ.

ಎರಡನೇ ಓದು

ಫಿಲಿಪ್ಪಾ ಫುಟ್ 1967ರಲ್ಲಿ ಎತ್ತಿದ ಸಮಸ್ಯೆ. ಹಾಗಾದರೆ ನಾನು ಹೇಳಿದ ಅರ್ಥವೇ. ಓದುವಾಗ ‘ಕಿಲ್’ (ಕೊಲ್ಲುವುದು) ಎಲ್ಲಿದೆ, ‘ಲೆಟ್ ಡೈ’ (ಸಾಯಲು ಬಿಡುವುದು) ಎಲ್ಲಿದೆ ಅಂತ ಗುರುತು ಹಾಕುತ್ತಾ ಹೋಗಿ. ವಾದದ ಅರ್ಧ ಭಾರ ಆ ಎರಡರ ನಡುವೆಯೇ ಇದೆ. ಮೂರನೇ ಪುಟದ ಆಚೆ ಸಿಕ್ಕಿಬಿದ್ದರೆ ವಾಕ್ಯ ಇಲ್ಲೇ ಹಾಕಿ.